ನದಿಯ ಕಡೆಗೆ ತಿರುಗಿದ ಫ್ಯಾನುಗಳು

ಆಲ್ಡರ್‌ಫೋರ್ಡ್, ಮ್ಯಾಸಚೂಸೆಟ್ಸ್
೪ ಅಕ್ಟೋಬರ್ ೨೦೨೧

ಪ್ರೀತಿಯ ನಾಜೆಲಿ,

ಭಾನುವಾರ ಫೋನಿನಲ್ಲಿ ನೀನು "ಹೇಗಿದೀಯಕ್ಕಾ" ಅಂದೆ, ನಾನು "ಚೆನ್ನಾಗಿದೀನಿ" ಅಂದೆ, ಅಷ್ಟರಲ್ಲಿ ನಿಮ್ಮ ಭಾವ ಹಾಗೊಪ್ ಫೋನು ಕಿತ್ತುಕೊಂಡು ಸ್ವಿಟ್ಜರ್ಲೆಂಡಿನ ಚೀಸಿನ ವಿಚಾರ ತೆಗೆದರು. ನನ್ನ ಮಾತು ಹೊಟ್ಟೆಯಲ್ಲೇ ಉಳಿಯಿತು. ಅದಕ್ಕೇ ಕಾಗದ.

ಮಿಲ್ ಸ್ಟ್ರೀಟಿನ ವಿಮಾ ಕಚೇರಿ ನೆನಪಿದೆಯಲ್ಲ, ನಾಲ್ಕು ಮಹಡಿಯದ್ದು? ಕೊರೋನಾ ಬಂದಾಗ ಮನೆಗೆ ಹೋದ ಗುಮಾಸ್ತರು ವಾಪಸ್ ಬರಲೇ ಇಲ್ಲ. ಈಗ ಅದರ ಮಾಲೀಕರು ಅದನ್ನು ಪ್ರಯೋಗಾಲಯ ಮಾಡಬೇಕಂತೆ. ಅದಕ್ಕೆ ನಮ್ಮ ಯೋಜನಾ ಮಂಡಳಿಯ ವಿಶೇಷ ಪರವಾನಗಿ ಬೇಕು. ಐದು ಜನರಲ್ಲಿ ನಾಲ್ವರು ಕೈ ಎತ್ತಿದರೆ ಮಾತ್ರ ಸಿಗುವಂಥದ್ದು. ಹನ್ನೆರಡು ವರ್ಷ ಈ ಮಂಡಳಿಯಲ್ಲಿ ಕೂತು ಬೇಲಿಯ ಎತ್ತರ, ಅಂಗಡಿ ಬೋರ್ಡಿನ ಬಣ್ಣ ಅಂತ ಜಗಳ ಬಿಡಿಸಿದವಳು ನಾನು. ಇಂಥ ಗದ್ದಲ ನೋಡಿರಲಿಲ್ಲ. ಮೊದಲ ವಿಚಾರಣೆಯ ದಿನ ಟೌನ್ ಹಾಲ್‌ನಲ್ಲಿ ನಿಲ್ಲಲೂ ಜಾಗವಿರಲಿಲ್ಲ.

ಆ ಕಟ್ಟಡದ ಬೆನ್ನಿಗೇ ಕ್ವಿನ್ಸ್ ಸ್ಟ್ರೀಟ್. ವೆರ್ಜಿನ್ ಚಿಕ್ಕಮ್ಮನ ಮಲಗುವ ಕೋಣೆಯ ಕಿಟಕಿ ಅದರ ಕಡೆಗೇ ತೆರೆಯುತ್ತದೆ. ಅವಳು ಎದ್ದು ನಿಂತು ಮಾಲೀಕರ ವಕೀಲ ರೂರ್ಕ್‌ನನ್ನು ಕೇಳಿದಳು, "ಒಳಗೆ ಏನಪ್ಪಾ ಮಾಡ್ತೀರಿ?"

"ಸಂಶೋಧನೆ ಮೇಡಂ."

"ಯಾತರದ್ದು?"

"ಬಾಡಿಗೆಗೆ ಯಾರು ಬರ್ತಾರೋ ಅವರ ಮೇಲೆ ಹೋಗುತ್ತೆ."

"ಅಂದ್ರೆ ಯಾರು ಅಂತ ನಿಂಗೇ ಗೊತ್ತಿಲ್ಲ, ನನ್ನ ತಲೆದಿಂಬಿನ ಪಕ್ಕ ತಂದು ಕೂರಿಸ್ತೀಯ!"

ಇಡೀ ಸಭೆ ನಕ್ಕಿತು. ನಾನು ನಗಲಿಲ್ಲ. ಅವಳು ತಮಾಷೆಗೆ ಕೇಳಿರಲಿಲ್ಲ.

ನನಗೆ ಕಾಡುವುದು ಮೇಲ್ಛಾವಣಿ. ಒಳಗಿನ ಗಾಳಿ ಹೊರಗೆ ತಳ್ಳುವ ದೊಡ್ಡ ಫ್ಯಾನುಗಳನ್ನೆಲ್ಲ ನಕ್ಷೆಯಲ್ಲಿ ಕ್ವಿನ್ಸ್ ಸ್ಟ್ರೀಟಿನ ಕಡೆಗೇ ಇಟ್ಟಿದ್ದಾರೆ. ಹಗಲೂ ರಾತ್ರಿ ಒದರುತ್ತವೆ. ನದಿಯ ಕಡೆಗೆ ಸರಿಸಿದರೆ ಯಾರಿಗೂ ತೊಂದರೆಯಿಲ್ಲ. ಮುಂದಿನ ವಿಚಾರಣೆಯಲ್ಲಿ ಅದನ್ನೇ ಹಿಡಿಯುತ್ತೇನೆ. ಇಲ್ಲಿ ಯಾರ ಹತ್ತಿರವೂ ಹೇಳಿಲ್ಲ. ಮಂಡಳಿಯವರು ಮೇಜಿನ ಹೊರಗೆ ಬಾಯಿ ಬಿಡಬಾರದು, ಇಮೇಲ್ ಬರೆದರೆ ಅದೂ ಸಾರ್ವಜನಿಕ ದಾಖಲೆ. ನೀನು ಸಮುದ್ರದಾಚೆ ಇದ್ದೀಯ. ನಿನಗೆ ಹೇಳುವುದು ಗೋಡೆಗೆ ಹೇಳಿಕೊಂಡ ಹಾಗೆ.

ನೀನು ಇಂಥ ಕಡೆಯೇ ಕೆಲಸ ಮಾಡುವವಳು. ನಿಜ ಹೇಳು, ಹೆದರಬೇಕಾ?

ನಿನ್ನ ಅಕ್ಕ
ಶಾಕೆ


ಬಾಸೆಲ್
೧೯ ಅಕ್ಟೋಬರ್ ೨೦೨೧

ಅಕ್ಕಾ,

ಕಾಗದ ನೋಡಿ ಖುಷಿಯಾಯಿತು. ನಿನ್ನ ಅಕ್ಷರ ಇನ್ನೂ ಕಪ್ಪುಹಲಗೆಯ ಮೇಲೆ ಜ್ಯಾಮಿತಿ ಬರೆದ ಹಾಗೇ ಇದೆ.

ಹೆದರಬೇಕಾ ಅಂದರೆ, ಒಳಗೆ ಏನು ನಡೆಯುತ್ತದೆ ಅನ್ನುವುದರ ಮೇಲಿದೆ. ಸುರಕ್ಷತೆಗೆ ನಾಲ್ಕು ಹಂತಗಳಿವೆ. ನಾಲ್ಕನೆಯದು ಗುಣವಾಗದ ಕಾಯಿಲೆಗಳ ಅಣುಜೀವಿಗಳಿಗೆ. ಅದು ಇಂಥ ಹಳೇ ಕಚೇರಿ ಕಟ್ಟಡಕ್ಕೆ ಬರುವುದಿಲ್ಲ. ನಾವು ಕೆಲಸ ಮಾಡುವುದು ಎರಡನೆಯದರಲ್ಲಿ. ಗ್ಲೌಸು, ಕೋಟು, ಗಾಜಿನ ಪೆಟ್ಟಿಗೆಯೊಳಗೆ ಕೈ. ದೊಡ್ಡ ಆಸ್ಪತ್ರೆಯ ರಕ್ತಪರೀಕ್ಷೆಯ ಕೋಣೆ ಇದ್ದ ಹಾಗೆ. ಗೊತ್ತಿಲ್ಲದವರಿಗೆ ಲ್ಯಾಬ್ ಅಂದ ಕೂಡಲೇ ಸಿನಿಮಾ ನೆನಪಾಗುತ್ತದೆ, ಅಷ್ಟೆ.

ಎರಡನೇ ಹಂತ ಮೀರಬಾರದು ಅಂತ ಷರತ್ತು ಹಾಕಿದರೆ ನಿಮ್ಮವರು ಒಪ್ಪುತ್ತಾರಾ? ಆ ವಿನ್ಸ್ಲೋ ಪೆಕ್ ಇನ್ನೂ ಮಂಡಳಿಯಲ್ಲಿದ್ದಾನಾ? ಅವನ ಮನಸ್ಸು ಯಾವ ಕಡೆಗೆ? ನಿಮ್ಮ ಮನೆಯಿಂದ ಆ ಕಟ್ಟಡಕ್ಕೆ ಕಾಲುಸೇತುವೆ ದಾಟಿ ನಡೆದು ಹೋಗಬಹುದಲ್ಲವಾ ಈಗಲೂ?

ಇಲ್ಲಿ ವಿಶೇಷವೇನಿಲ್ಲ. ಮೂತ್ರಪಿಂಡದ ಕಾಯಿಲೆಯ ಮೇಲೆ ನಮ್ಮ ಕೆಲಸ ಚೆನ್ನಾಗಿ ನಡೆದಿದೆ. ಜಾಗ ಮಾತ್ರ ಸಾಲದು. ನಮ್ಮ ಕಂಪನಿಯ ಒಡತಿ ಮಾರ್ಗಿಟ್ ಬೇರೆ ಕಡೆ ನೋಡುತ್ತಿದ್ದಾಳೆ.

ಭಾವನಿಗೆ ಹೇಳು, ಚೀಸು ಕಳಿಸಲು ಆಗುವುದಿಲ್ಲ, ಬಂದರೆ ತಿನ್ನಿಸುತ್ತೇನೆ.

ನಾಜೆಲಿ


ಆಲ್ಡರ್‌ಫೋರ್ಡ್
೧೮ ನವೆಂಬರ್ ೨೦೨೧

ನಾಜೆಲಿ,

ನಿನ್ನ ಕಾಗದ ಪಾಠ ಮಾಡಿದ ಹಾಗಿತ್ತು. "ಗೊತ್ತಿಲ್ಲದವರಿಗೆ" ಅಂದರೆ ಯಾರು? ವೆರ್ಜಿನ್ ಚಿಕ್ಕಮ್ಮನಾ, ನಾನಾ? ಹೋಗಲಿ ಬಿಡು. ಎರಡನೇ ಹಂತದ ವಿಷಯ ಉಪಯೋಗಕ್ಕೆ ಬಂತು.

ಮೊನ್ನೆ ಎರಡನೇ ವಿಚಾರಣೆ. ನಾನು ಫ್ಯಾನುಗಳ ಬಗ್ಗೆ ಮಾತು ಜೋಡಿಸಿಕೊಂಡು ಹೋಗಿದ್ದೆ. ರೂರ್ಕ್ ಹೊಸ ನಕ್ಷೆ ಬಿಚ್ಚಿದ. ನೋಡುತ್ತೇನೆ, ಫ್ಯಾನುಗಳೆಲ್ಲ ನದಿಯ ಕಡೆಗೆ! ನಾನು ಬಾಯಿ ತೆರೆಯುವ ಮೊದಲೇ! ಪಕ್ಕದಲ್ಲಿದ್ದ ಪೆಕ್ ಕನ್ನಡಕ ತೆಗೆದು ಒರೆಸಿಕೊಂಡ.

"ಒಳ್ಳೇದಾಯ್ತು. ಆದ್ರೆ ಇದನ್ನ ಯಾರೂ ಕೇಳೇ ಇರಲಿಲ್ವಲ್ಲ, ರೂರ್ಕ್?"

"ಬರೋ ಬಾಡಿಗೆದಾರರ ಕಡೆಯಿಂದ ಸಲಹೆ ಬಂತು ಸಾರ್."

"ಓಹೋ, ಬಾಡಿಗೆದಾರರು ಇದ್ದಾರೆ ಹಾಗಾದ್ರೆ!"

ರೂರ್ಕ್ ನಾಲಿಗೆ ಕಚ್ಚಿಕೊಂಡ. ಯಾರು ಅಂತ ಮಾತ್ರ ಬಾಯಿ ಬಿಡಲಿಲ್ಲ. ಒಪ್ಪಂದ ಗುಟ್ಟಿನದಂತೆ.

ನಾನು ನಕ್ಷೆ ಚೆನ್ನಾಗಿದೆ ಅಂದೆ. ಇದ್ದದ್ದನ್ನು ಹೇಳಬೇಕಲ್ಲ. ಅಷ್ಟಕ್ಕೇ ಹೊರಗೆ ಮೆಟ್ಟಿಲ ಮೇಲೆ ವೆರ್ಜಿನ್ ಚಿಕ್ಕಮ್ಮ ನನ್ನ ತೋಳು ಹಿಡಿದಳು. "ನೀನು ಯಾವ ಕಡೆ ಕಣೇ?"

"ಯಾವ ಕಡೇನೂ ಅಲ್ಲ ಚಿಕ್ಕಮ್ಮ. ನಾನು ಮೇಜಿನ ಹಿಂದೆ ಕೂತವಳು."

"ಮೇಜಿನ ಹಿಂದೆ ಕಿಟಕಿ ಇಲ್ಲ, ಅದಕ್ಕೇ ಹಾಗಂತೀಯ" ಅಂದು ಹೊರಟುಹೋದಳು. ಆಮೇಲೆ ಮಾತಿಲ್ಲ.

ಆದರೆ ನಾನೂ ಸುಮ್ಮನೆ ಬಿಡಲಿಲ್ಲ. ಬಾಡಿಗೆದಾರರು ಯಾರು ಅಂತ ಹೆಸರು ಹೇಳಬೇಕು, ಮೂರನೇ ವಿಚಾರಣೆಗೆ ಅವರೇ ಬಂದು ಊರಿನ ಪ್ರಶ್ನೆಗಳಿಗೆ ಉತ್ತರ ಕೊಡಬೇಕು, ಇಲ್ಲದಿದ್ದರೆ ನನ್ನ ಕೈ ಏಳುವುದಿಲ್ಲ ಅಂತ ಮೇಜಿನ ಮೇಲೇ ಹೇಳಿಬಿಟ್ಟೆ. ಮಂಡಳಿ ಒಪ್ಪಿತು. ಜನವರಿ ಹದಿನೆಂಟಕ್ಕೆ ದಿನ ಇಟ್ಟಿದ್ದಾರೆ. ಯಾರೇ ಆಗಿರಲಿ, ಪರದೆಯ ಹಿಂದಿನಿಂದ ಈಚೆ ಬಂದು ಮುಖ ತೋರಿಸಲಿ. ಆ ರಾತ್ರಿ ಎಷ್ಟೋ ದಿನದ ಮೇಲೆ ನೆಮ್ಮದಿಯಾಗಿ ನಿದ್ದೆ ಬಂತು.

ಕ್ರಿಸ್ಮಸ್‌ಗೆ ಬರುತ್ತೀಯ ತಾನೇ?

ಶಾಕೆ


ಬಾಸೆಲ್
೬ ಡಿಸೆಂಬರ್ ೨೦೨೧

ಅಕ್ಕಾ,

ಕ್ರಿಸ್ಮಸ್‌ಗೆ ಬರಲು ಆಗುವುದಿಲ್ಲ. ಕೆಲಸ ಬಹಳ. ಕೋಪ ಮಾಡಿಕೊಳ್ಳಬೇಡ.

ನಿನ್ನ ಆ ಷರತ್ತಿನ ಬಗ್ಗೆ ಯೋಚನೆ ಮಾಡಿದೆ. ಹೆಸರು ಹೇಳಲೇಬೇಕಾ? ಚಿಕ್ಕ ಕಂಪನಿಗಳು ಜಾಗ ಗಟ್ಟಿಯಾಗುವವರೆಗೆ ಹೊರಗೆ ಹೇಳಿಕೊಳ್ಳುವುದಿಲ್ಲ, ಅದರಲ್ಲಿ ಮೋಸವೇನಿಲ್ಲ. ಷರತ್ತುಗಳನ್ನು ಬಿಗಿಯಾಗಿ ಬರೆದರೆ ಸಾಲದಾ? ಬಾಡಿಗೆಗೆ ಯಾರು ಬಂದರೂ ಅವು ಅನ್ವಯಿಸುತ್ತವಲ್ಲ. ಊರಿನವರ ಮುಂದೆ ಯಾರನ್ನಾದರೂ ತಂದು ನಿಲ್ಲಿಸಿದರೆ ಅದು ವಿಚಾರಣೆ ಆಗುವುದಿಲ್ಲ, ಜಾತ್ರೆ ಆಗುತ್ತದೆ.

ಇದು ಬರೀ ನನ್ನ ಅಭಿಪ್ರಾಯ. ನಿನಗೆ ಸರಿ ಕಂಡದ್ದು ಮಾಡು.

ಇಲ್ಲಿ ಹಿಮ ಶುರುವಾಗಿದೆ.

ನಾಜೆಲಿ


ಆಲ್ಡರ್‌ಫೋರ್ಡ್
೨೦ ಡಿಸೆಂಬರ್ ೨೦೨೧

ನಾಜೆಲಿ,

ನಮ್ಮ ಊರು ನಿನಗೆ ಯಾವಾಗಿನಿಂದ ಜಾತ್ರೆ ಆಯಿತು?

ಹದಿನೆಂಟು ವರ್ಷ ಹೊರಗಿದ್ದವಳಿಗೆ ಇಲ್ಲಿನ ಭಯ ನಗು ತರಿಸಬಹುದು. ನಾನು ಇವರ ನಡುವೆ ತರಕಾರಿ ಕೊಳ್ಳಬೇಕು. ಹೋದ ಭಾನುವಾರ ಇಗರ್ಜಿಯಲ್ಲಿ ನಾನು ಹೋಗಿ ಕೂತ ಕೂಡಲೇ ವೆರ್ಜಿನ್ ಚಿಕ್ಕಮ್ಮ ಎದ್ದು ಎರಡು ಸಾಲು ಹಿಂದಕ್ಕೆ ಹೋದಳು. ಅಮ್ಮ ಸತ್ತಾಗ ನಮ್ಮಿಬ್ಬರಿಗೂ ತಿಂಗಳುಗಟ್ಟಲೆ ಅಡಿಗೆ ಮಾಡಿ ತಂದವಳು ಅವಳು. ಬುಧವಾರ ನಮ್ಮ ಕಾರಿನ ಗಾಜಿನ ಮೇಲೆ ಯಾರೋ ಬಣ್ಣದಲ್ಲಿ "ಮಾರಾಟಕ್ಕಿದೆ" ಅಂತ ಬರೆದುಹೋಗಿದ್ದರು. ಕಾರು ಅಲ್ಲ, ನಾನು. ಹಾಗೊಪ್ ಉಜ್ಜಿ ತೊಳೆದರು. "ಬೆಲೆ ಬರೆದಿಲ್ವಲ್ಲ, ಬುದ್ಧಿ ಇಲ್ಲ ಇವರಿಗೆ" ಅಂತ ತಮಾಷೆ ಮಾಡಿದರು, ಆದರೆ ಒಳಗೆ ಬಂದು ಊಟ ಬಿಟ್ಟು ಎದ್ದರು.

ಇದನ್ನೆಲ್ಲ ನಿನಗೆ ಹೇಳಬಾರದು ಅಂದುಕೊಂಡಿದ್ದೆ. ನಿನ್ನ "ಬರೀ ಅಭಿಪ್ರಾಯ" ಓದಿ ತಡೆಯಲಾಗಲಿಲ್ಲ.

ಕೇಳು. ಹದಿನೆಂಟನೇ ತಾರೀಖು ಆ ಬಾಡಿಗೆದಾರರು ಬರದಿದ್ದರೆ ನಾನು "ಇಲ್ಲ" ಅನ್ನುತ್ತೇನೆ. ಬಂದು ಉತ್ತರ ಕೊಡದಿದ್ದರೂ "ಇಲ್ಲ" ಅನ್ನುತ್ತೇನೆ. ಆ ಮಾತು ಆಡುವುದಕ್ಕೆ ನನಗೆ ಭಯವಿಲ್ಲ.

ಹಬ್ಬಕ್ಕೆ ನಾವಿಬ್ಬರೇ. ದ್ರಾಕ್ಷಿ ಎಲೆ ಸುತ್ತಿ ದೋಲ್ಮಾ ಮಾಡುವ ಮನಸ್ಸಿಲ್ಲ.

ಶಾಕೆ


ಇಮೇಲ್
೯ ಜನವರಿ ೨೦೨೨

ಅಕ್ಕಾ,

ಕಾಗದ ಹಾಕಿದರೆ ಹದಿನೆಂಟರೊಳಗೆ ತಲುಪುವುದಿಲ್ಲ. ಭಾನುವಾರಗಳಲ್ಲಿ ಫೋನು ಹಿಡಿದು ಹೇಳಲು ನೋಡಿದೆ, ನಿನ್ನ ದನಿ ಕೇಳಿದ ಕೂಡಲೇ ಹವಾಮಾನದ ಮಾತು ಬಂತು.

ಬಾಡಿಗೆದಾರರು ನಾವೇ.

ಮಾರ್ಗಿಟ್ ಕಂಪನಿಯನ್ನು ಅಮೆರಿಕಕ್ಕೆ ಒಯ್ಯುವ ನಿರ್ಧಾರ ಮಾಡಿದಾಗ ಎಲ್ಲಿ ಅಂತ ನನ್ನನ್ನು ಕೇಳಿದಳು. ನಾನು ಆಲ್ಡರ್‌ಫೋರ್ಡ್ ಅಂದೆ. ನದಿ ಇದೆ, ರೈಲಿದೆ, ಖಾಲಿ ಕಟ್ಟಡವಿದೆ ಅಂದೆ. ಅಕ್ಕ ಇದ್ದಾಳೆ ಅನ್ನಲಿಲ್ಲ. ನನಗೆ ಮನೆಗೆ ಬರಬೇಕಿತ್ತು. ನಲವತ್ತಾರು ವರ್ಷಕ್ಕೆ ಈ ಮಾತು ಬಾಯಲ್ಲಿ ಹೇಳಲು ನಾಚಿಕೆ.

ನಿನ್ನ ಮೊದಲ ಕಾಗದ ಬಂದ ದಿನವೇ ಹೇಳಬೇಕಿತ್ತು. ಹೇಳಿದರೆ ನೀನು ಆ ಮೇಜಿನಿಂದ ಏಳಬೇಕಾಗುತ್ತದೆ, ಹೇಳದಿದ್ದರೆ ನಿನ್ನ ತೀರ್ಮಾನ ನಿನ್ನದೇ ಆಗಿರುತ್ತದೆ, ಅಂತ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಈಗ ಬರೆಯುತ್ತಿರುವಾಗ ಅದು ಎಷ್ಟು ಪೊಳ್ಳು ಅಂತ ಕಾಣುತ್ತಿದೆ.

ಇನ್ನೊಂದಿದೆ. ಫ್ಯಾನುಗಳು. ನಕ್ಷೆ ಮಾಡುವವರು ಎಲ್ಲಿಡೋಣ ಅಂದಾಗ "ನದಿಯ ಕಡೆಗೆ" ಅಂದವಳು ನಾನು. ನಿನ್ನ ಕಾಗದ ಓದಿದ್ದೆ. ಕಾಗದವನ್ನು ಯಾರಿಗೂ ತೋರಿಸಿಲ್ಲ, ಅಮ್ಮನಾಣೆ. ಆದರೆ ಓದಿದ್ದೆ.

ಹದಿನೆಂಟಕ್ಕೆ ಕಂಪನಿಯ ಪರವಾಗಿ ಬರುವವಳು ನಾನೇ. ನನ್ನನ್ನು ಬೈಯಿ. ಏನಾದರೂ ಹೇಳು.

ನಾಜೆಲಿ


ಇಮೇಲ್
೧೧ ಜನವರಿ ೨೦೨೨

ಡಾ. ನಾಜೆಲಿ ತೆರ್ಜಿಯನ್ ಅವರಿಗೆ,

ನಿಮ್ಮ ಇಮೇಲ್ ತಲುಪಿದೆ. ಅದರ ಪ್ರತಿಯನ್ನೂ ಈ ಉತ್ತರದ ಪ್ರತಿಯನ್ನೂ ಊರಿನ ವಕೀಲರಿಗೆ ಕಳಿಸಿದ್ದೇನೆ.

ಮಿಲ್ ಸ್ಟ್ರೀಟ್ ಕಟ್ಟಡದ ವಿಚಾರಣೆಯಿಂದ ನಾನು ಹಿಂದೆ ಸರಿದಿದ್ದೇನೆ. ಅಕ್ಟೋಬರ್‌ನಿಂದ ನೀವು ನನಗೆ ಬರೆದ ಪತ್ರಗಳನ್ನು ವಕೀಲರಿಗೆ ಒಪ್ಪಿಸಿದ್ದೇನೆ. ನಾನು ನಿಮಗೆ ಬರೆದವು ನಿಮ್ಮ ಬಳಿ ಇವೆ. ದಯವಿಟ್ಟು ಅವನ್ನು ತಂದು ಕಚೇರಿಗೆ ಕೊಡಿ. ಮಂಡಳಿಯಲ್ಲಿ ಬದಲಿ ಸದಸ್ಯರ ಜಾಗ ಖಾಲಿ ಇರುವುದರಿಂದ ಉಳಿದ ನಾಲ್ವರೂ ಒಪ್ಪಿದರೆ ಮಾತ್ರ ಪರವಾನಗಿ ಸಿಗುತ್ತದೆ ಎಂದು ವಕೀಲರು ತಿಳಿಸಿದ್ದಾರೆ.

ತೀರ್ಮಾನ ಆಗುವವರೆಗೆ ನನಗೆ ಬರೆಯಬೇಡಿ, ಫೋನು ಮಾಡಬೇಡಿ. ಊರಿಗೆ ಬಂದಾಗ ನಮ್ಮ ಮನೆಗೆ ಬರಬೇಡಿ.

ಶಾಕೆ ತೆರ್ಜಿಯನ್
ಸದಸ್ಯೆ, ಯೋಜನಾ ಮಂಡಳಿ


ಬಾಸೆಲ್
೨೩ ಜನವರಿ ೨೦೨೨

ಅಕ್ಕಾ,

ತೀರ್ಮಾನ ಆಯಿತು, ಆದ್ದರಿಂದ ಬರೆಯುತ್ತಿದ್ದೇನೆ. ಓದದೆ ಹರಿದು ಹಾಕಿದರೂ ಸರಿ.

ಹೆದ್ದಾರಿ ಪಕ್ಕದ ಮೋಟೆಲ್‌ನಲ್ಲಿ ಇಳಿದಿದ್ದೆ. ಹುಟ್ಟಿದ ಊರಿನಲ್ಲಿ ಬಾಡಿಗೆ ಕೋಣೆಯ ಬೀಗದ ಕೈ ಹಿಡಿದು ನಿಂತಾಗ ಬಹಳ ಹೊತ್ತು ಬಾಗಿಲು ತೆಗೆಯಲಾಗಲಿಲ್ಲ. ಟೌನ್ ಹಾಲಿನ ಮೆಟ್ಟಿಲ ಮೇಲೆ ನೀನು ಕೂತಿದ್ದೆ. ನೀನು ತಲೆ ಎತ್ತಲಿಲ್ಲ. ನಾನು ನಿಲ್ಲಲಿಲ್ಲ. ಒಳಗೆ ಏನಾಯಿತು ಅಂತ ಬೇರೆಯವರು ಹೇಳುವ ಮೊದಲು ನಾನೇ ಹೇಳಬೇಕು.

ಅಧ್ಯಕ್ಷರು ನಿನ್ನ ಪತ್ರ ಓದಿದರು, ನೀನು ಯಾಕೆ ಸರಿದೆ ಅಂತ. ಸಭೆ ಗುಂಯ್ ಅಂದಿತು. ಹಿಂದಿನಿಂದ ಯಾರೋ "ಮನೆಯವರದೇ ವ್ಯವಹಾರ!" ಅಂದರು. ಆಮೇಲೆ ನನ್ನನ್ನು ಕರೆದರು. ಒಂದು ಗಂಟೆಗೂ ಹೆಚ್ಚು ನಿಂತೇ ಇದ್ದೆ. ಒಳಗೆ ಏನು ಮಾಡುತ್ತೀರಿ, ಕಸ ಎಲ್ಲಿಗೆ ಹೋಗುತ್ತದೆ, ಬೆಂಕಿ ಬಿದ್ದರೆ ಏನು. ಎಲ್ಲಕ್ಕೂ ಉತ್ತರ ಹೇಳಿದೆ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂದೆ. ಕೊನೆಗೆ ವೆರ್ಜಿನ್ ಚಿಕ್ಕಮ್ಮ ಕೋಲು ಊರಿಕೊಂಡು ಎದ್ದಳು.

"ನಾಜೆಲಿ ಅಲ್ಲವೇನೇ ನೀನು? ನಿನ್ನ ಎತ್ತಿ ಆಡಿಸಿದೀನಿ."

"ಹೌದು ಚಿಕ್ಕಮ್ಮ."

"ಹಾಗಾದ್ರೆ ಅವರ ಭಾಷೇಲಿ ಬೇಡ, ನನ್ನ ಭಾಷೇಲಿ ಹೇಳು. ಬೇಸಗೇಲಿ ಕಿಟಕಿ ತೆಗೆದು ಮಲಗಬಹುದಾ ನಾನು?"

"ಮಲಗಬಹುದು. ನಿಮ್ಮ ಬೀದಿಯಲ್ಲೇ ನಾನೂ ಮನೆ ನೋಡ್ತಿದೀನಿ."

ಅವಳು ಕೋಲಿನಿಂದ ನನ್ನ ಕಡೆ ತೋರಿಸಿದಳು. "ಮನೆಗೆ ಬರೋಕೆ ಇಷ್ಟು ದೊಡ್ಡ ಕಟ್ಟಡ ಬೇಕಾಯ್ತಾ ನಿಂಗೆ?" ಅಂದು ಕೂತುಬಿಟ್ಟಳು. ಯಾರೂ ನಗಲಿಲ್ಲ.

ಆಮೇಲೆ ಪೆಕ್. ಬಹಳ ಮೃದುವಾಗಿ ಕೇಳಿದ. "ಡಾಕ್ಟರ್, ಫ್ಯಾನು ತಿರುಗಿಸಿ ಅಂದೋರು ಯಾರು?"

"ನಾನು."

"ನಿಮಗೆ ಹೊಳೆದದ್ದಾ?"

"ಅಲ್ಲ. ಅಕ್ಕನ ಕಾಗದದಲ್ಲಿತ್ತು."

ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಫ್ಯಾನು ಸರಿಯಾದ ಕಡೆಗೇ ತಿರುಗಿದೆ. ಆದ್ರೆ ಅದು ಈ ಕೋಣೇಲಿ, ಇವರೆಲ್ಲರ ಎದುರಿಗೆ ತಿರುಗಬೇಕಿತ್ತು. ಹೊರಗೆ ತಿರುಗಿದ್ದನ್ನ ನಾನು ಹೌದು ಅಂದ್ರೆ, ನಾಳೆಯಿಂದ ಎಲ್ಲಾನೂ ಹೊರಗೇ ತಿರುಗುತ್ತೆ."

ಮೂವರು ಕೈ ಎತ್ತಿದರು. ಅವನು ಎತ್ತಲಿಲ್ಲ.

ಮಾರ್ಗಿಟ್ ಒಂದು ಮಾತೂ ಕಟುವಾಗಿ ಆಡಲಿಲ್ಲ, ಅದೇ ಕಷ್ಟವಾಯಿತು. ಉತ್ತರ ಕೆರೊಲಿನಾದಲ್ಲಿ ಸಿದ್ಧವಾದ ಜಾಗವಿದೆಯಂತೆ, ಅಲ್ಲಿಗೆ ಒಯ್ಯುತ್ತಾಳೆ. ನನ್ನನ್ನೂ ಕರೆದಳು. ಬರುವುದಿಲ್ಲ ಅಂದೆ. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಒಂದು ಕೆಲಸ ಕೇಳಿದ್ದೇನೆ.

ನೀನು ಆ ಕುರ್ಚಿಯಲ್ಲಿ ಕೂತಿದ್ದರೂ ನಮಗೆ ಇಲ್ಲ ಅಂತಲೇ ಹೇಳುತ್ತಿದ್ದೆ, ನನಗೆ ಗೊತ್ತು. ಡಿಸೆಂಬರಿನ ಕಾಗದದಲ್ಲೇ ಅರ್ಥವಾಗಿತ್ತು. ಅದಕ್ಕೆ ನನಗೆ ನಿನ್ನ ಮೇಲೆ ಬೇಸರವಿಲ್ಲ. ನಿನ್ನನ್ನು ಊರಿನ ಎದುರು ಹಾಗೆ ಮೆಟ್ಟಿಲ ಮೇಲೆ ಕೂರಿಸಿದ್ದಕ್ಕೆ ನನಗೆ ನನ್ನ ಮೇಲಿದೆ.

ನಾಜೆಲಿ


ಆಲ್ಡರ್‌ಫೋರ್ಡ್
೧೪ ಫೆಬ್ರವರಿ ೨೦೨೨

ನಾಜೆಲಿ,

ನಿನ್ನ ಕಾಗದ ಬಂದು ಎರಡು ವಾರವಾಯಿತು. ಹಾಗೊಪ್ ಅದನ್ನು ದಿನವೂ ಕಾಫಿ ಬಟ್ಟಲಿನ ಪಕ್ಕ ತಂದಿಡುತ್ತಿದ್ದರು. ನಾನು ದಿನವೂ ತೆಗೆದು ಅಲಮಾರಿನಲ್ಲಿಡುತ್ತಿದ್ದೆ. ನಿನ್ನೆ ಅವರೇ ಒಡೆದು ಗಟ್ಟಿಯಾಗಿ ಓದಲು ಶುರು ಮಾಡಿದರು. ಅವರ ಓದು ಕೇಳಲಾರದೆ ಕಿತ್ತುಕೊಂಡೆ.

ಒಳಗಿನದು ನೀನು ಹೇಳಿದೆ. ಹೊರಗಿನದು ಕೇಳು.

ವಿಚಾರಣೆಯಿಂದ ಸರಿದವರು ಆ ಕೋಣೆಯಲ್ಲಿ ಇರುವಂತಿಲ್ಲ. ಮನೆಗೆ ಹೋಗಬಹುದಿತ್ತು, ಹೋಗಲಿಲ್ಲ. ನೀನು ಬಂದದ್ದು ನೋಡಿದೆ. ತಲೆ ಎತ್ತಿದ್ದರೆ ಅತ್ತುಬಿಡುತ್ತಿದ್ದೆ, ಬರುವವರೆಲ್ಲ ನೋಡುತ್ತಿದ್ದರು. ನಿನ್ನ ಕೋಟು ಆ ಚಳಿಗೆ ಸಾಲದು ಅನ್ನಿಸಿತು. ಬಾಗಿಲು ದಪ್ಪ. ಮಾತು ಕೇಳಿಸದು, ಗದ್ದಲ ಮಾತ್ರ ಕೇಳುತ್ತದೆ. ಪ್ರತಿ ಗದ್ದಲಕ್ಕೂ ನಿನ್ನನ್ನು ತಿಂದುಹಾಕುತ್ತಿದ್ದಾರೆ ಅಂತ ಎದ್ದು ನಿಲ್ಲುತ್ತಿದ್ದೆ. ಒಂದು ಸಲ ಬಾಗಿಲ ಹಿಡಿಗೆ ಕೈ ಹಾಕಿದೆ. ಪೊಲೀಸಿನವನು, ನಾನು ಪಾಠ ಹೇಳಿದ ಹುಡುಗನೇ, "ಬೇಡ ಮಿಸ್" ಅಂದ. ವಾಪಸ್ ಬಂದು ಕೂತೆ.

ಮೊದಲು ಹೊರಗೆ ಬಂದವಳು ವೆರ್ಜಿನ್ ಚಿಕ್ಕಮ್ಮ. ಗೆದ್ದವರ ನಗು ಇರಲಿಲ್ಲ. ಕೋಲು ಗೋಡೆಗೆ ಒರಗಿಸಿ, ಆ ತಣ್ಣನೆ ಕಲ್ಲಿನ ಮೇಲೆ ನನ್ನ ಪಕ್ಕ ಕೂತಳು.

"ಆಗಲಿಲ್ಲ" ಅಂದಳು.

"ನೀವು ಬೇಡ ಅಂದಿದ್ದೇ ಆಯ್ತಲ್ಲ ಚಿಕ್ಕಮ್ಮ."

"ನಾನು ಕಟ್ಟಡ ಬೇಡ ಅಂದೆ. ಆ ಹುಡುಗಿ ಬೇಡ ಅಂದಿರಲಿಲ್ಲ."

ನನ್ನ ಕೈ ತನ್ನ ಕೈಯೊಳಗೆ ತೆಗೆದುಕೊಂಡಳು. ಅಷ್ಟು ಹೊತ್ತಿಗೆ ನೀನು ಪಕ್ಕದ ಬಾಗಿಲಿನಿಂದ ಹೊರಟುಹೋಗಿದ್ದೆ. ಟ್ಯಾಕ್ಸಿ ತಿರುಗುವುದು ಕಾಣಿಸಿತು.

ಈಗ ಮುಖ್ಯ ಮಾತು. ನನ್ನನ್ನು ಓದಲು ನಿನಗೆ ಬರಲಿಲ್ಲ ನಾಜೆಲಿ. ನಾನು ಹೌದು ಅನ್ನುವವಳಿದ್ದೆ. ಫ್ಯಾನು ತಿರುಗಿದ ದಿನವೇ ನನ್ನ ಮನಸ್ಸು ತಿರುಗಿತ್ತು. ಬಾಡಿಗೆದಾರರು ಬರಲಿ, ಮುಖ ತೋರಿಸಲಿ ಅಂತ ಅಷ್ಟು ಹಟ ಹಿಡಿದದ್ದು ಯಾಕೆ ಅಂದುಕೊಂಡೆ? ಹೌದು ಅಂದಮೇಲೆ ನಾನು ವೆರ್ಜಿನ್ ಚಿಕ್ಕಮ್ಮನ ಪಕ್ಕ ಇಗರ್ಜಿಯಲ್ಲಿ ಕೂರಬೇಕಿತ್ತು. "ನೋಡಿ ಚಿಕ್ಕಮ್ಮ, ಅವರು ಬಂದರು, ನಿಮ್ಮ ಮಾತಿಗೆ ಉತ್ತರ ಕೊಟ್ಟರು" ಅಂತ ಹೇಳಲು ನನಗೊಂದು ಮುಖ ಬೇಕಿತ್ತು. ಆ ಮುಖ ನಿನ್ನದಾಗಿತ್ತು.

ಅಕ್ಟೋಬರಿನಲ್ಲೇ ನೀನು ಒಂದು ಸಾಲು ಬರೆದಿದ್ದರೆ ನಾನು ಆಗಲೇ ಎದ್ದು ಹೊರಗೆ ಬರುತ್ತಿದ್ದೆ. ಫ್ಯಾನಿನ ಮಾತನ್ನು ಬೇರೆ ಯಾರಾದರೂ ಆ ಮೇಜಿನ ಮೇಲೇ ಎತ್ತುತ್ತಿದ್ದರು. ಪೆಕ್ ಕೂಡ ಕೈ ಎತ್ತುತ್ತಿದ್ದ. ಅವನು ಕೆಟ್ಟವನಲ್ಲ. ಇದನ್ನು ನಿನ್ನನ್ನು ನೋಯಿಸಲೆಂದೇ ಬರೆಯುತ್ತಿದ್ದೇನೆ, ಸುಳ್ಳು ಹೇಳುವುದಿಲ್ಲ. ನನ್ನದೂ ಇದೆ. ಮೇಜಿನ ಹೊರಗೆ ಬಾಯಿ ಬಿಡಬಾರದು ಅಂತ ಬರೆಯುತ್ತಲೇ ಬಾಯಿ ಬಿಟ್ಟವಳು ನಾನು.

ಮಂಡಳಿಗೆ ರಾಜೀನಾಮೆ ಕೊಟ್ಟೆ. ಯಾರೂ ಕೇಳಿರಲಿಲ್ಲ. ಪೆಕ್ ಮನೆಗೆ ಬಂದು ಬೇಡ ಅಂದ, ಹಾಗೊಪ್ ಕೊಟ್ಟ ಕಾಫಿ ಕುಡಿದ, ನಾನು ಕೇಳಲಿಲ್ಲ. ಕಟ್ಟಡ ಖಾಲಿ ನಿಂತಿದೆ. ಎರಡು ವರ್ಷ ಮತ್ತೆ ಅರ್ಜಿ ಹಾಕುವಂತಿಲ್ಲ. ಸಂಜೆ ಕಾಲುಸೇತುವೆ ದಾಟಿ ಆ ಕಡೆ ನಡೆದು ಬರುತ್ತೇನೆ. ನೀನು ದಾರಿ ಕೇಳಿದ್ದೆಯಲ್ಲ. ನಡೆಯಬಹುದು, ಬಹಳ ದೂರವಿಲ್ಲ.

ಆ ವಿಶ್ವವಿದ್ಯಾಲಯದ ಕೆಲಸ ತಗೋ, ಬಿಡು, ಅದು ನಿನ್ನಿಷ್ಟ. ಆದರೆ ಏಪ್ರಿಲ್‌ನಲ್ಲಿ ಬಾ. ಲ್ಯಾಬ್ ಇಲ್ಲದೆ, ಕಂಪನಿ ಇಲ್ಲದೆ, ಕಾರಣ ಇಲ್ಲದೆ ಬಾ. ಮೋಟೆಲ್ ಕಡೆ ತಲೆ ಹಾಕಿದರೆ ಊರಿಗೆಲ್ಲ ಹೇಳಿ ಮಾನ ಕಳೆಯುತ್ತೇನೆ. ನನ್ನ ಕೋಪ ಇನ್ನೂ ಇಳಿದಿಲ್ಲ. ಕಾಗದದಲ್ಲಿ ಬೈದು ಸಾಕಾಯಿತು, ಎದುರಿಗೆ ಕೂರಿಸಿಕೊಂಡು ಬೈಯಬೇಕು.

ನಿನ್ನ ಅಕ್ಕ
ಶಾಕೆ